ಲವಂಗದ ಕುಸುರೆಳ್ಳು ಮತ್ತು ನನ್ನ ವಜನ

ಒಬ್ಬೊಬ್ಬರಿಗೆ ಒಂದೊಂದು ಅಂಜಿಕೆ. ಕೆಲವರಿಗೆ ಹಾವು, ಕೆಲವರಿಗೆ ಮೇಲಧಿಕಾರಿ. ನನಗೆ ಸಂಕ್ರಾಂತಿ. ನಗಬೇಡಿ, ನಾನು ಖರೇನೇ ಹೇಳುತ್ತಿದ್ದೇನೆ. ಡಿಸೆಂಬರ್ ಮುಗಿಯುತ್ತ ಬಂದು ಪೇಟೆಯ ಅಂಗಡಿಗಳ ಮುಂದೆ ಬಣ್ಣಬಣ್ಣದ ಕುಸುರೆಳ್ಳಿನ ಗುಡ್ಡೆ ಬಿತ್ತೆಂದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಮುಳ್ಳುಮುಳ್ಳಾದ ಆ ಸಕ್ಕರೆ ಕಾಳು ನೋಡಲು ಬಲು ಬಡಪಾಯಿ. ಅದರಿಂದ ನಾನು ಪಟ್ಟ ಪಾಡು ನನಗೇ ಗೊತ್ತು.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಸದಲಗಾದಲ್ಲಿ ಮನೆ ಮಾಡಿಕೊಂಡು ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೆಲಸಕ್ಕಿದ್ದೆ. ಕಾಟಾ ಎಂದರೆ ಕಬ್ಬಿನ ಗಾಡಿಗಳನ್ನು ಎತ್ತುಗಳ ಸಮೇತ ನಿಲ್ಲಿಸಿ ತೂಗುವ ದೊಡ್ಡ ತಕ್ಕಡಿ. ದಿನವಿಡೀ ಊರವರ ವಜನ ಬರೆಯುವ ನನಗೆ ನನ್ನ ವಜನದ ಖಬರೇ ಇರಲಿಲ್ಲ. ರೈತರಿಗೆ ಮಾತ್ರ ಇತ್ತು. "ಬಾಬೂರಾವ್ರ, ತುಂಬಿದ ಗಾಡಿ ತೂಗೂಮುಂದ ನೀವೂ ಸ್ವಲ್ಪ ಕಾಟಾದ ಮ್ಯಾಲ ನಿಂದರ್ರಿ. ಖಾಲಿ ಗಾಡಿ ತೂಗೂಮುಂದ ಅಷ್ಟ ಇಳೀರಿ" ಎಂದು ಚ್ಯಾಷ್ಟಿ ಮಾಡುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ. ಆ ವರ್ಷ ಚಿಕ್ಕೋಡಿಯ ಡಾಕ್ಟರು ರಕ್ತ ನೋಡಿ, ಕನ್ನಡಕದ ಮೇಲಿಂದ ನನ್ನನ್ನೂ ನೋಡಿ, "ಸಕ್ರಿ ಬ್ಯಾನಿ ನಿಮ್ಮ ಬಾಗಲಾಗ ಬಂದು ನಿಂತೈತ್ರಿ. ಸಂಕ್ರಾಂತಿ ಆಗಿ ವಾರಕ್ಕ ಮತ್ತ ಬರ್ರಿ. ಎಂಬತ್ತಾರು ಕಿಲೋ ಇದ್ದದ್ದು ಎಂಬತ್ತೆರಡಕ್ಕರ ಬರಬೇಕು" ಎಂದ ಮೇಲೆ ನಗು ನಿಂತಿತು. ನಮ್ಮಪ್ಪ ಇದೇ ಬೇನೆಯಿಂದ ಒಂದು ಕಾಲು ಕಳೆದುಕೊಂಡಿದ್ದ. ಅವನ ಊರುಗೋಲಿನ ಟಕ್ ಟಕ್ ಕೇಳಿಕೊಂಡೇ ಬೆಳೆದವರು ನಾವು ಅಣ್ಣತಮ್ಮಂದಿರು. ಹೀಗಾಗಿ ನನಗೆ ನಿಜವಾಗಿಯೂ ಭಯವಾಗಿತ್ತು.

ಬೇರೆ ಹಬ್ಬವಾದರೆ ಹೊಟ್ಟೆ ತುಂಬಿದೆಯೆಂದು ಕೈಮುಗಿದು ಪಾರಾಗಬಹುದು. ನಮ್ಮ ಕಡೆಯ ಸಂಕ್ರಾಂತಿಯಲ್ಲಿ ಅದು ನಡೆಯದು. ಕಂಡಕಂಡವರೆಲ್ಲ "ಕುಸುರೆಳ್ಳು ತಗೋರಿ, ಗೋಡ ಗೋಡ ಮಾತಾಡ್ರಿ" ಎಂದು, ಅಂದರೆ ಸಿಹಿಸಿಹಿಯಾಗಿ ಮಾತಾಡಿ ಎಂದು, ಅಂಗೈಗೆ ಸುರಿಯುತ್ತಾರೆ. ಬೇಡ ಅಂದಿರೋ, ಅವರ ಮೇಲೆ ನಿಮಗೆ ಹಳೆಯ ಸಿಟ್ಟು ಇನ್ನೂ ಇದೆ ಎಂದೇ ಅರ್ಥ. ಒಂದು ದಿನಕ್ಕೆ ಮುಗಿಯುವುದೂ ಇಲ್ಲ, ರಥಸಪ್ತಮಿಯವರೆಗೆ ಎಳೆಯುತ್ತದೆ. ನಾನೊಂದು ಯುಕ್ತಿ ಹೂಡಿದೆ. ಕೊಟ್ಟದ್ದನ್ನು ಭಕ್ತಿಯಿಂದ ತೆಗೆದುಕೊಳ್ಳುವುದು, ಕೈಯನ್ನು ಬಾಯಿಯವರೆಗೆ ಒಯ್ಯುವುದು, ಅಲ್ಲಿಂದ ಜಾರಿಸಿ ಅಂಗಿಯ ಕಿಸೆಗೆ ಬಿಡುವುದು, ಸುಮ್ಮನೆ ದವಡೆ ಆಡಿಸುವುದು. ಕಿಸೆ ತುಂಬಿದಾಗ ಅದನ್ನೇ ಮುಂದಿನವರಿಗೆ ಹಂಚುವುದು. ಬಚ್ಚಲಮನೆಯಲ್ಲಿ ನಿಂತು ತಿಂದ ನಾಲ್ಕೈದು ಕಾಳು ವಜನಕ್ಕೆ ಹತ್ತುವುದಿಲ್ಲ ಎಂಬುದು ನನ್ನ ಆಗಿನ ನಂಬಿಕೆ.

ಇಲ್ಲಿ ನನ್ನ ಅಣ್ಣನ ಕತೆ ಹೇಳಬೇಕು. ಅವನಿರುವುದು ಭೋಜದಲ್ಲಿ, ನಮ್ಮ ಹಿರಿಯರ ಹೊಲಮನೆ ನೋಡಿಕೊಂಡು. ಎರಡು ವರ್ಷದ ಹಿಂದೆ ಅವನ ಮಗಳ ಮದುವೆಯ ಪಂಕ್ತಿಯಲ್ಲಿ ನಾನು ಜಿಲೇಬಿಗೆ ಕೈಯೊಡ್ಡಿದ್ದೆ. ಮೂರನೆಯ ಸಲವೋ ನಾಲ್ಕನೆಯದೋ, ಅದು ಮುಖ್ಯವಲ್ಲ. ಬೀಗರೆಲ್ಲ ಕೇಳುವಂತೆ ಅಣ್ಣ, "ಸಾಕೋ ಬಾಬೂ, ಬೀಗರಿಗೂ ಒಂದೀಟು ಉಳಸು" ಅಂದುಬಿಟ್ಟ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ತಾಟು ಬಿಟ್ಟು ಎದ್ದು ಕೈ ತೊಳೆದುಕೊಂಡು ಬಸ್ಸು ಹತ್ತಿದವನು ಮತ್ತೆ ಭೋಜದ ಕಡೆ ಮುಖ ಹಾಕಿರಲಿಲ್ಲ. ಅಣ್ಣನೂ ಕರೆಯಲಿಲ್ಲ. ಮಾತು ಬೇಕೆಂದು ಇಬ್ಬರಿಗೂ ಒಳಗೊಳಗೇ ಇತ್ತು, ಮೊದಲು ಯಾರು ಆಡಬೇಕು ಎಂಬುದೊಂದೇ ತಕರಾರು.

ಮೊದಲು ಬಂದವರು ವೈನಿ, ಅಣ್ಣನ ಹೆಂಡತಿ. ಸಂಕ್ರಾಂತಿಯ ಮರುದಿನ ನಾನು ಕೆಲಸಕ್ಕೆ ಹೋಗಿದ್ದಾಗ ಬಸ್ಸಿನಲ್ಲಿ ಬಂದು ನನ್ನ ಹೆಂಡತಿಯ ಕೈಗೆ ಹಿತ್ತಾಳೆಯ ಸಣ್ಣ ಡಬ್ಬಿ ಕೊಟ್ಟು, "ಇದನ್ನ ನಿಮ್ಮ ಅಣ್ಣಾನ ಕೊಟ್ಟಾರಂತ ತಿಳ್ಕೊಂಡು ಬಾಯಾಗ ಹಾಕ್ಕೋ ಅಂತ ಹೇಳವಾ ಬಾಬೂಗ" ಎಂದು ಹೇಳಿ ಹೋಗಿದ್ದರು. ಡಬ್ಬಿಯಲ್ಲಿ ಕೇಸರಿ ಬಣ್ಣದ ಕುಸುರೆಳ್ಳು. ವೈನಿ ಅಂಗಡಿಯದನ್ನು ಮುಟ್ಟುವವರಲ್ಲ. ಮೂರು ದಿನ ಬೆಳಗಿನ ಚಳಿಯಲ್ಲಿ ಕೆಂಡದ ಮುಂದೆ ಕೂತು, ತಾಟಿನಲ್ಲಿ ಚಮಚ ಚಮಚ ಪಾಕ ಬಿಟ್ಟು, ಬೆರಳು ಸುಟ್ಟುಕೊಂಡು ಮುಳ್ಳು ಎಬ್ಬಿಸುತ್ತಾರೆ. ಎಲ್ಲರೂ ಎಳ್ಳಿನ ಮೇಲೆ ಪಾಕ ಹತ್ತಿಸಿದರೆ ಇವರದು ಲವಂಗದ ಮೇಲೆ. ಇಡೀ ಭೋಜದಲ್ಲಿ ಹಾಗೆ ಮಾಡುವವರು ಇನ್ನೊಬ್ಬರಿಲ್ಲ.

"ಈಗ ತಿನ್ರಿ ಒಂದು. ಹಿರೇರು ತಾವಾಗೇ ಬಂದಾರ" ಅಂದಳು ಹೆಂಡತಿ. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ, ಬಾಯಲ್ಲೂ ಬಂತು. ಆದರೆ ಡಾಕ್ಟರ ತೂಕಕ್ಕೆ ಇನ್ನು ಆರೇ ದಿನ. ತೂಗಿಸಿಕೊಂಡು ಬಂದು ತಿಂದರಾಯಿತು ಎಂದು ನಿಶ್ಚಯಿಸಿದೆ. ಮನೆಯಲ್ಲಿಟ್ಟರೆ ಬಚ್ಚಲಮನೆ ಹತ್ತಿರವಾಗುತ್ತದೆಂದು ಮರುದಿನ ಡಬ್ಬಿಯನ್ನು ಕಾಟಾಕ್ಕೆ ಒಯ್ದೆ. ಅಲ್ಲಿ ಅದು ಟೇಬಲ್ಲಿನ ಮೇಲೆ ಕೂತು ನನ್ನನ್ನೇ ನೋಡತೊಡಗಿತು. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ತೆಗೆದಿದ್ದೆ. ಇನ್ನೊಂದು ನಿಮಿಷ ತಡೆದರೆ ಡಬ್ಬಿ ಖಾಲಿಯಾಗುತ್ತದೆಂದು ಹೆದರಿ, ಎದುರಿಗೆ ಗಾಡಿ ನಿಲ್ಲಿಸಿದ್ದ ಶಿವಗೊಂಡ ಎಂಬ ರೈತನ ಟವೆಲ್ಲಿಗೆ ಅಷ್ಟನ್ನೂ ಸುರಿದುಬಿಟ್ಟೆ. ಅವನು ಯಾವ ಊರವನು ಎಂದು ಯೋಚಿಸಲಿಲ್ಲ. ಅವನ ಚೀಟಿಯಲ್ಲಿ 'ಊರು: ಭೋಜ' ಎಂದು ಒಂದು ನಿಮಿಷದ ಹಿಂದೆ ಬರೆದವನು ನಾನೇ.

ಮರುದಿನ ಶಿವಗೊಂಡ ಗಾಡಿ ತಂದವನೇ ತಲೆ ಕೆರೆಯುತ್ತ ಹೇಳಿದ. "ಸಾಹೇಬ್ರ, ನೀವು ಕೊಟ್ಟ ಕುಸುರೆಳ್ಳು ನಮ್ಮಾಕಿ ಊರಾಗ ಹಂಚಾಕ ಹೋಗಿದ್ಳ್ರಿ, ನಿಮ್ಮ ಅಣ್ಣಾರ ಮನಿಗೂ. ನಿಮ್ಮ ವೈನ್ಯಾರು ಒಂದು ಬಾಯಾಗ ಹಾಕ್ಕೊಂಡು ಕಡದ್ರು, ಲವಂಗ ಸಿಕ್ತು, ಅಳಾಕ ಹತ್ಯಾರ. ಯಾಕ್ರಿ ಅದು?"

ಅರ್ಧ ದಿನ ರಜೆ ಹಾಕಿ ಭೋಜದ ಬಸ್ಸು ಹತ್ತಿದೆ. ಈ ಬಾಗಿಲು ಈಗ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ಗೊತ್ತಿತ್ತು. ಪಡಸಾಲೆಯಲ್ಲಿ ಅಣ್ಣ ಕೂತಿದ್ದ, ಬಾ ಅನ್ನಲಿಲ್ಲ. ವೈನಿ ಒಳಗಿನಿಂದ ದೊಡ್ಡ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು. "ಉಳದದ್ದು ಇಷ್ಟ ಐತಿ. ತಿಂತಿಯೋ, ಇದನ್ನೂ ಗಾಡಿ ಮಂದಿಗೆ ಹಂಚತಿಯೋ?"

ಡಬ್ಬಿಗೆ ಕೈಹಾಕಿ ತಿನ್ನತೊಡಗಿದೆ. ಎದುರಿಗೆ ಬಾಗಿಲ ಸಂದಿಯಲ್ಲಿ ಅಪ್ಪನ ಊರುಗೋಲು ಇನ್ನೂ ನಿಂತಿತ್ತು. ಹತ್ತಾಯಿತು, ಇಪ್ಪತ್ತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡ ವೈನಿಯ ಮುಖ ಸಡಿಲವಾಯಿತು, ನನ್ನ ಬೆನ್ನಲ್ಲಿ ಬೆವರು ಇಳಿಯಿತು. ಎರಡು ವರ್ಷ ಯಾವ ಮಾತಿಗೆ ಸಿಟ್ಟಾಗಿದ್ದೆನೋ ಆ ಮಾತನ್ನು ಅಣ್ಣ ಈಗ ಒಮ್ಮೆ ಅಂದರೆ ಸಾಕಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಅಣ್ಣ ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ, ಮುಚ್ಚಿದ. ಕೊನೆಗೆ ನಾನೇ ಕೂಗಿದೆ. "ಯಣ್ಣಾ, ಸಾಕು ಅನ್ನೋ!"

"ನಾ ಅನ್ನಂಗಿಲ್ಲಪಾ. ಒಮ್ಮೆ ಅಂದು ಎರಡು ವರ್ಷ ತಮ್ಮನ್ನ ಕಳಕೊಂಡೇನಿ."

ಆಗ ಡಾಕ್ಟರು ಹೇಳಿದ್ದೆಲ್ಲ ಬಾಯಿಬಿಟ್ಟೆ. ಅಣ್ಣನ ಮುಖ ಬಿಳಿಚಿತು. ಎದ್ದು ಬಂದು ಡಬ್ಬಿ ಕಸಿದುಕೊಂಡ. "ಅವತ್ತ ಪಂಕ್ತ್ಯಾಗ ನಿನ್ನ ತಾಟು ನೋಡಿ ನನಗ ಅಪ್ಪನ ಕಾಲು ನೆನಪಾತೋ. ಅಂಜಿಕಿ ಆತು. ಹಂಗ ಹೇಳಾಕ ಬರಲಿಲ್ಲ, ಚ್ಯಾಷ್ಟಿ ಮಾಡಿದೆ." ನಾನು ಕಣ್ಣೊರೆಸಿಕೊಂಡೆ, ಅರ್ಧ ದುಃಖಕ್ಕೆ, ಅರ್ಧ ಲವಂಗಕ್ಕೆ. "ಇಷ್ಟು ಹೇಳಾಕ ಇಬ್ಬರಿಗೂ ಬಾಯಿ ಇರಲಿಲ್ಲೇನು?" ಎಂದು ವೈನಿ ಇಬ್ಬರನ್ನೂ ಬೈದು ಸಕ್ಕರೆಯಿಲ್ಲದ ಚಹಾ ತಂದಿಟ್ಟರು.

ಚಿಕ್ಕೋಡಿಯಲ್ಲಿ ಡಾಕ್ಟರ ತಕ್ಕಡಿ ಎಂಬತ್ತೇಳು ತೋರಿಸಿತು. "ಏನ್ರಿ ಇದು?" ಅಂದರು. "ಅಣ್ಣನ ಜೋಡಿ ರಾಜಿ ಆತ್ರಿ" ಅಂದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು ಕೇಳಿದರು. "ಮತ್ತ ಯಾರ ಜೋಡೆರ ಜಗಳ ಉಳದೈತೇನ್ರಿ?"

"ಪಾಲಬಾವಿ ಸೋದರಮಾವನ ಜೋಡಿ ಒಂದ ಐತ್ರಿ."

"ಅದನ್ನ ಹಂಗ ಇಟ್ಕೋರಿ."

ಡಾಕ್ಟರ ಮಾತನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಅಣ್ಣ ಪ್ರತಿ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತು "ಸಾಕು" ಅನ್ನುತ್ತಿದ್ದ, ವಜನವೂ ಇಳಿಯಿತು. ಮಾವನ ಮೇಲಿನ ಸಿಟ್ಟನ್ನು ಎರಡು ಸಂಕ್ರಾಂತಿಯವರೆಗೆ ಜೋಪಾನವಾಗಿ ಕಾಪಾಡಿಕೊಂಡು ಬಂದೆ. ಮೂರನೆಯ ವರ್ಷ ಯಾರೋ ಬಂದು ನಮ್ಮ ಪಾಲಬಾವಿಯ ಅತ್ತೆ ಕುಸುರೆಳ್ಳನ್ನು ಗೋಡಂಬಿಯ ಮೇಲೆ ಮಾಡುತ್ತಾಳೆ ಎಂದರು. ಎಷ್ಟಾದರೂ ತಾಯಿಯ ತವರು, ರಕ್ತಸಂಬಂಧ, ಎಷ್ಟು ದಿನ ಅಂತ ಸಿಟ್ಟು ಹಿಡಿಯುವುದು ಎಂದು ನನ್ನ ಮನಸ್ಸು ಕರಗಿಹೋಯಿತು. ಅಣ್ಣನಿಗೆ ಹೇಳದೆ ಪಾಲಬಾವಿಗೆ ಹೊರಟೆ.