ಕೌಬಾಯ್ ಸಿನಿಮಾದಲ್ಲಿ ಹಾಲು ಕರೆಯುವವರು

2006ರ ಮಾರ್ಚ್ ತಿಂಗಳ ಎರಡನೇ ಭಾನುವಾರ, ತೊಂಡೇಬಾವಿ ಬಳಿಯ ನಮ್ಮೂರಿನಲ್ಲಿ ಮಹಿಳೆಯರಿಗೆ ಮಹಿಳೆಯರ ಬಗ್ಗೆ ತಿಳುವಳಿಕೆ ನೀಡಲು ನಾನು ನಿರ್ಧರಿಸಿದೆ. ಅವರು ಕೇಳಿರಲಿಲ್ಲ. ಆದರೆ ಒಳ್ಳೆಯ ಕೆಲಸಕ್ಕೆ ಯಾರಾದರೂ ಕೇಳಲಿ ಎಂದು ಕಾಯಬಾರದು.

ಆಗ ನಾನು ಗೌರಿಬಿದನೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚಿಕ್ಕಬಳ್ಳಾಪುರದ ಸೆಮಿನಾರಿನಲ್ಲಿ ಮಾತಾಡಲು ನಮ್ಮ ಇಂಗ್ಲಿಷ್ ಮೇಡಂ ಒಬ್ಬರನ್ನು ಆರಿಸುವವರಿದ್ದರು. ಆ ಒಬ್ಬ ನಾನೇ ಆಗಬೇಕಿತ್ತು. ವಿಷಯ: ಹಳೆಯ ಕೌಬಾಯ್ ಸಿನಿಮಾಗಳಲ್ಲಿ ಯಾರಿಗೆ ಜಾಗ ಉಂಟು, ಯಾರಿಗಿಲ್ಲ. ಒಂದೇ ಸಿನಿಮಾವನ್ನು ಆರು ಸಲ ನೋಡಿ ದಿನಚರಿಯಲ್ಲಿ ಲೆಕ್ಕ ಬರೆದಿದ್ದೆ. ಹೆಂಗಸರು: ಇಬ್ಬರು. ಅವರ ಮಾತು: ಹದಿನಾಲ್ಕು. ಅದರಲ್ಲಿ 'ಹೋಗಬೇಡ' ಎಂಬುದೇ ಒಂಬತ್ತು. ಅಮೆರಿಕದ ಮೂಲನಿವಾಸಿಗಳು: ಕುದುರೆಯಿಂದ ಬಿದ್ದವರು ಮೂವತ್ತೊಂದು ಮಂದಿ, ಬಾಯಿ ತೆರೆದವನು ಒಬ್ಬ. ಕಪ್ಪು ಜನಾಂಗದವರು: ಅಡುಗೆಯವನೊಬ್ಬ. ಹೆಸರಿಲ್ಲ.

"ಊರಿನ ಹೆಂಗಸರಿಗೆ ಸಿನಿಮಾ ತೋರ್ಸಿ, ಆಮೇಲೆ ಉಪನ್ಯಾಸ ಕೊಡ್ತೀನಿ ಮೇಡಂ. ನೀವೇ ಬಂದು ನೋಡಿ" ಎಂದೆ. ಪಾಪ, ಒಪ್ಪಿದರು.

ಶಾಲೆಯ ಕೊಠಡಿ, ಬಾಡಿಗೆ ಟಿ.ವಿ., ಕರೆಂಟು ಹೋದರೆ ಇರಲಿ ಎಂದು ಜನರೇಟರು, ಅದನ್ನು ಓಡಿಸಲೊಬ್ಬ. ಎಲ್ಲ ಸಿದ್ಧ.

"ನಾಲ್ಕು ಗಂಟೆಗಾ?" ಎಂದು ಅಮ್ಮ ಕೇಳಿದಳು. "ಬೇಡ ಕಣೋ."

"ಎಲ್ಲ ಲೆಕ್ಕ ಹಾಕಿದ್ದೀನಮ್ಮ."

"ಸರಿ ಬಿಡಪ್ಪ, ಓದಿರೋನು ನೀನು."

ಮೂವತ್ತೆಂಟು ಹೆಂಗಸರು ಬಂದರು. ಮೇಡಂ ಕೂಡ ಬಂದು ಮೂಲೆಯಲ್ಲಿ ಕೂತರು. ನಾನು ಟಿ.ವಿ. ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದೆ. ಐದು ನಿಮಿಷ ಕಥೆ ಸಾಗಿತು. ಆಮೇಲೆ ಎದುರುಮನೆಯ ರತ್ನಮ್ಮತ್ತೆ ಬಾಯಿ ತೆರೆದರು.

"ಏಮಪ್ಪಾ, ಇಷ್ಟೊಂದು ದನ ಅವೆ, ಹಾಲು ಯಾರು ಕರೀತಾರೆ?"

"ಅದು ಕಥೇಲಿ ಬರಲ್ಲ ಅತ್ತೆ."

"ಬರಲ್ಲ ಅಂದ್ರೆ? ಸಗಣಿ ಯಾರು ಬಾಚ್ತಾರೆ?"

"ಆ ಹ್ಯಾಟಿನೋನಂತೂ ಅಲ್ಲ" ಎಂದಿತು ಹಿಂದಿನ ಸಾಲು. "ಅವನು ಕುದುರೆಯಿಂದ ಇಳಿದೇ ಇಲ್ಲ!"

"ಹೆಂಡ್ತಿ ಎಲ್ಲೋ ಬಾಚ್ತಿರ್ತಾಳೆ ಬಿಡೇ. ಅದನ್ನ ತೋರ್ಸಲ್ಲ" ಎಂದರು ರತ್ನಮ್ಮತ್ತೆ.

ಅದು ನನ್ನ ಉಪನ್ಯಾಸದ ಮೊದಲ ಭಾಗ. ಅದನ್ನು ಹೇಳಲು ನನಗೆ ಹನ್ನೊಂದು ಪುಟ ಬೇಕಾಗಿತ್ತು.

"ಆ ಕುದುರೆಯಿಂದ ಬೀಳೋರ ನೆಲಕ್ಕೆ ಬಂದು, ಅವರನ್ನೇ ಕಳ್ಳರು ಅಂತಾರಲ್ಲ, ಇವರ ಮನೆ ಹಾಳಾಗ!" ಎಂದರು ಇನ್ನೊಬ್ಬರು.

ಅದು ಎರಡನೇ ಭಾಗ.

"ದಯವಿಟ್ಟು ಉಪನ್ಯಾಸಕ್ಕೆ ಮುಂಚೆ ಯಾರೂ ಯೋಚಿಸಬಾರದು" ಎಂದು ವಿನಂತಿಸಿಕೊಂಡೆ.

ಐದೂಕಾಲಿಗೆ ನಾಯಕನನ್ನು ಶತ್ರುಗಳು ಸುತ್ತುವರಿದರು. ಅದೇ ಹೊತ್ತಿಗೆ ಮೂವತ್ತೆಂಟು ಜನವೂ ಎದ್ದು ನಿಂತರು. ಮುಂದಾಳು ನಮ್ಮಮ್ಮ!

"ಎಲ್ಲಿಗೆ? ಇನ್ನೂ ಉಪನ್ಯಾಸ ಇದೆ!"

"ಹಸು ಕರೀಬೇಡ್ವೇನೋ? ಡೈರಿಗೆ ಹಾಲು ಯಾರು, ನಿನ್ನ ಹ್ಯಾಟಿನೋನು ಹಾಕ್ತಾನಾ?"

ಹುಟ್ಟಿದಾಗಿನಿಂದ ಪ್ರತಿ ಸಂಜೆ ನಮ್ಮ ಬೀದಿಯಲ್ಲಿ ಹಾಲಿನ ಕ್ಯಾನುಗಳ ಸದ್ದು ಕೇಳಿದ್ದೇನೆ. ಕರೆಂಟು ಹೋಗುವುದನ್ನು ಲೆಕ್ಕ ಹಾಕಿದ್ದೆ. ಹಸು ಲೆಕ್ಕಕ್ಕೇ ಬಂದಿರಲಿಲ್ಲ.

ಕೊಠಡಿಯಲ್ಲಿ ಉಳಿದವರು ಮೇಡಂ, ನಾನು ಮತ್ತು ನಿದ್ದೆ ಹೋಗಿದ್ದ ಜನರೇಟರಿನವನು. ಧೃತಿಗೆಡದೆ ಆರಂಭಿಸಿದೆ: "ಮಹಿಳೆಯರ ಗೈರುಹಾಜರಿ ಎಂಬುದು..."

ಮೇಡಂ ಖಾಲಿ ಚಾಪೆಗಳನ್ನು ನೋಡಿದರು. ಎದ್ದು ಡೈರಿಯ ಕಡೆ ನಡೆದರು. ನಾನು ಹಾಳೆಗಳನ್ನು ಹಿಡಿದು ಹಿಂದೆ ಓಡಿದೆ.

ಅಲ್ಲಿ, ಹಾಲು ಹಾಕುವ ಸಾಲಿನಲ್ಲಿ, ಸಿನಿಮಾದ ವಿಚಾರಣೆ ಭರ್ಜರಿಯಾಗಿ ನಡೆದಿತ್ತು. ಮೇಡಂ ಮುಕ್ಕಾಲು ಗಂಟೆ ನಿಂತು ಕೇಳಿದರು, ನಕ್ಕರು, ಬರೆದುಕೊಂಡರು. ನಾನು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಯಾರೋ "ಸ್ವಲ್ಪ ಸರಿಯಪ್ಪ, ಕ್ಯಾನ್ ಇಡ್ಬೇಕು" ಎಂದರು.

ಕೊನೆಗೆ ಮೇಡಂ ಕೇಳಿದರು: "ರತ್ನಮ್ಮನವರೇ, ಚಿಕ್ಕಬಳ್ಳಾಪುರದ ಸೆಮಿನಾರಿಗೆ ನೀವೇ ಬಂದು ಇದನ್ನೆಲ್ಲ ಹೇಳ್ತೀರಾ?"

"ಅದಕ್ಕೇನಮ್ಮ, ಬರ್ತೀನಿ. ಆದ್ರೆ ಆವತ್ತು ಸಂಜೆ ನನ್ನ ಎರಡು ಹಸು ನೋಡ್ಕೊಳ್ಳೋರು ಯಾರು?"

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಅಮ್ಮನಂತೂ ಖಾಲಿ ಬಕೆಟ್ಟನ್ನು ಆಗಲೇ ನನ್ನ ಕೈಗೆ ಕೊಟ್ಟಿದ್ದಳು.

ಡೈರಿಯ ಮುಂದೆ ಇಡೀ ಸಂಜೆಯಲ್ಲಿ ನನ್ನ ಪಾಲಿಗೆ ಬಂದ ಮಾತು ಒಂದೇ ಒಂದು.

"ಒದೆಯೋ ಹಸು ಯಾವುದು ಅತ್ತೆ?"