ಅಕ್ಕನ ನಕಾಶೆಯ ಮೇಲೆ ಸಂಡಿಗೆ

ಅಕ್ಕ ನನಗೆ ಹೇಳಿದ್ದು ಒಂದೇ ಕೆಲಸ: ಮೇಜಿನ ಮೇಲಿನ ಹಳೆಯ ನಕಾಶೆಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕುವುದು. ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡಿದೆ!

ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದ ನನ್ನನ್ನು ಧಾರವಾಡದಿಂದ ಕಡಲಾಚೆಯ ಲೋವರ್ ಹಟ್ ಎಂಬ ಊರಿಗೆ ಕರೆಸಿಕೊಂಡು, ಒಂದು ದಿನವೂ ಮುಖ ಸಿಂಡರಿಸದೆ ಅನ್ನ ಹಾಕುತ್ತಿರುವವಳು ಅಕ್ಕ. ಅವಳಿಗಿರುವ ಹುಚ್ಚು ಹಳೆಯ ನಕಾಶೆಗಳದ್ದು. ಈ ದೇಶದ ದಕ್ಷಿಣಕ್ಕಿರುವ ಒಟಾಗೋ ಸೀಮೆಯ ಎತ್ತರದ ಒಣ ಬಯಲಿನಲ್ಲಿ ಚಿನ್ನ ಹುಡುಕುವವರು ಗಾಡಿ ಹೊಡೆದ ದಾರಿಯೊಂದಿತ್ತಂತೆ. ಹೊಸ ನಕಾಶೆಗಳಲ್ಲಿ ಅದರ ಸುಳಿವಿಲ್ಲ. ಈ ಹಾಳೆಯಲ್ಲಿ ಮಾತ್ರ, ಗುಡ್ಡಗಳ ಎತ್ತರ ತೋರಿಸುವ ಸುತ್ತುಗೆರೆಗಳ ನಡುವೆ, ಕೂದಲೆಳೆಯಂತೆ ಉಳಿದಿತ್ತು. ಮರುದಿನ ಆ ದಾರಿಯಲ್ಲಿ ನಡೆಯಲೆಂದೇ ಅವಳು ರಜೆ ಹಾಕಿದ್ದಳು.

ಪ್ರಯಾಣಕ್ಕೆ ಬುತ್ತಿ ಬೇಡವೇ? ಅಕ್ಕನಿಗೆ ಪ್ರಾಣವಾದ ಅಕ್ಕಿ ಸಂಡಿಗೆ ಮಾಡಿ ಋಣ ತೀರಿಸಲು ನಿರ್ಧರಿಸಿದೆ. ಹಿಟ್ಟು ಕುದಿಯಿತು. ಹಾಸಲು ಹಳೆಯ ಧೋತರವಿಲ್ಲ. ನಕಾಶೆಯನ್ನು ತಿರುವಿದರೆ, ಆಹಾ! ಹಿಂಬದಿಗೆ ಗಟ್ಟಿ ಬಟ್ಟೆ ಅಂಟಿಸಿದ್ದಾರೆ! ಆ ಕಾಲದವರ ಮುಂದಾಲೋಚನೆಗೆ ಕೈಮುಗಿದು, ಅಂಗಳದಲ್ಲಿ ಬೋರಲು ಹಾಸಿ, ಮೂಲೆಗಳಿಗೆ ಕಲ್ಲಿಟ್ಟು ಸಂಡಿಗೆ ಇಟ್ಟೆ. ಬಿಸಿಲೂ ಗಾಳಿಯೂ ಜೋರು. ಸಂಜೆಯೊಳಗೆ ಒಣಗಿದವು.

ಒಣಗಿದ ಸಂಡಿಗೆ ಬಿಡಬೇಕಾದರೆ ಬಟ್ಟೆಯ ಬೆನ್ನಿಗೆ ನೀರು ಚಿಮುಕಿಸಬೇಕು. ಇದು ನಮ್ಮವ್ವ ಕಲಿಸಿದ ಶಾಸ್ತ್ರ. ಬಟ್ಟೆಯ ಬೆನ್ನೆಂದರೆ ನಕಾಶೆಯ ಮುಖ ಎಂಬುದು ಹೊಳೆಯಲಿಲ್ಲ. ಚಿಮುಕಿಸಿದೆ. ಬಿಡಲಿಲ್ಲ. ತಂಬಿಗೆಯಿಂದ ಸುರಿದೆ. ಸಂಡಿಗೆ ಬಿಟ್ಟವು. ಜೊತೆಗೆ ಒಟಾಗೋ ಕೂಡ ಬಣ್ಣ ಬಿಟ್ಟಿತು!

ಒದ್ದೆ ಕಾಗದಕ್ಕೆ ಇಸ್ತ್ರಿ ಹಾಕಿದೆ. ಹಿಂಬದಿಯ ಬಟ್ಟೆಗೆ ಅಂಟಿ ಉಳಿದಿದ್ದ ಸಂಡಿಗೆ ಚೂರುಗಳು ಉಬ್ಬಿ, ಗೆರೆಗಳಲ್ಲಷ್ಟೇ ಇದ್ದ ಗುಡ್ಡಗಳು ನಿಜವಾಗಿಯೇ ಎದ್ದು ನಿಂತವು. ಅಷ್ಟರಲ್ಲಿ ಅಕ್ಕ ಆಫೀಸಿನಿಂದ ಬಂದಳು.

“ಏನೋ ಇದು, ತಮ್ಮಾ?”

“ಗಾಳಿ, ಅಕ್ಕಾ... ಈ ಊರ ಗಾಳಿ ನಿನಗ ಗೊತ್ತದಲ್ಲ...”

“ಗಾಳಿ ಸಂಡಿಗಿ ಇಡ್ತದೇನು?”

ಅವಳು ಗೆರೆಯಿದ್ದ ಜಾಗದಲ್ಲಿ ಬೆರಳಾಡಿಸಿದಳು. ದಾರಿ ಇರಲಿಲ್ಲ. ಆಮೇಲೆ ಒಂದು ಸಂಡಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡಳು.

“ಉಪ್ಪ ಇಲ್ಲಲ್ಲೋ! ಚೀಲಾ ಕಟ್ಟು, ನಾಳೆ ನೀನೂ ಬಾ. ದಾರಿ ಅಳಿಸಿದಾಂವನ ಅದನ್ನ ಹುಡುಕಿ ಕೊಡಬೇಕು.”

ಬೈದಿದ್ದರೆ ಗಾಳಿಯ ಮೇಲೇ ಹಾಕಿ ವಾದಿಸುತ್ತಿದ್ದೆ. ಜೊತೆಗೆ ಕರೆದಳಲ್ಲ, ಇಸ್ತ್ರಿ ಬದಿಗಿಟ್ಟೆ.

“ತಪ್ಪಾತು, ಅಕ್ಕಾ. ಗಾಳಿದೇನೂ ತಪ್ಪಿಲ್ಲ. ನೀರು ಸುರಿದಾಂವ ನಾನ... ಉಪ್ಪು ಮರತಾಂವನೂ ನಾನ.”