ಬದಿಗೆ ತಳ್ಳಿದ ಚೆಂಡು

ನಮ್ಮ ಭಾವ ಜೀವಮಾನದಲ್ಲಿ ಸೋತದ್ದು ಒಂದೇ ಒಂದು ಸಲ. ಆದರೆ ಆ ಒಂದು ಸೋಲನ್ನು ಅವರು ವರ್ಷಗಟ್ಟಲೆ ಉಂಡರು. ಅದೂ ನಮ್ಮ ಮನೆಯಲ್ಲಿ, ಪ್ರತಿ ಶುಕ್ರವಾರ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಜೊತೆ! ಬೇರೆಯವರು ಸೋತರೆ ಊಟ ಬಿಡುತ್ತಾರಂತೆ. ಇವರದ್ದು ಉಲ್ಟಾ. ಸೋಲಿನ ಮಾತು ಬಂದರೆ ಇನ್ನೊಂದು ಸೌಟು ಅನ್ನ ಜಾಸ್ತಿ.

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದರೆ ಸೀಸನ್ ಮುಗಿಯಲಿ ಎನ್ನುತ್ತಿದ್ದರು. ಯಾವ ಸೀಸನ್ನೋ, ಅದು ಮುಗಿಯಲೇ ಇಲ್ಲ. ಒಮಾನಿನ ಸೀಬ್‌ನಲ್ಲಿ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ವಾರವೆಲ್ಲ ಪೈಪು, ನಲ್ಲಿಗಳ ಕೆಲಸ. ಶುಕ್ರವಾರದ ರಜೆ ಬಂತೋ, ಕುತ್ತಿಗೆಗೆ ಒಂದು ಸೀಟಿ ನೇತುಹಾಕಿಕೊಂಡು ನಮ್ಮ ಊರ ಕಡೆಯ ಹುಡುಗರ ಫುಟ್‌ಬಾಲ್ ತಂಡಕ್ಕೆ ಕೋಚ್! ಅವರನ್ನು ಕೋಚ್ ಮಾಡಿದ್ದು ಯಾರು? ಯಾರೂ ಅಲ್ಲ. ಸೀಟಿ ಅವರ ಹತ್ತಿರ ಇತ್ತು, ಅಷ್ಟೆ. ಅವರು ಸ್ವತಃ ಚೆಂಡು ಒದ್ದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಹೋಗಿ ಪಕ್ಕದ ಮನೆಯ ಟೆರೇಸಿಗೆ ಬಿತ್ತು.

ನನ್ನದನ್ನೂ ಎರಡು ಮಾತು ಹೇಳಿಬಿಡುತ್ತೇನೆ. ಗಂಡ ದೊಡ್ಡ ಟ್ರಕ್ಕಿನ ಡ್ರೈವರ್. ನಿಜ್ವಾ, ಸಲಾಲ ಅಂತ ಹೊರಟರೆ ಮುಖ ಕಾಣುವುದು ಯಾವಾಗಲೋ. ಮಕ್ಕಳಾಗಲಿಲ್ಲ. ಪೇಟೆಯ ಹಿಂದೆ ಎರಡು ಕೋಣೆಯ ಮನೆ. ಹೊರಗೆ ಬಿಸಿಲು, ಒಳಗೆ ಏಸಿ. ವಾರವಿಡೀ ನನ್ನ ಹತ್ತಿರ ಮಾತಾಡುತ್ತಿದ್ದದ್ದು ಆ ಏಸಿ ಒಂದೇ, ಅದಕ್ಕೆ ಬರುತ್ತಿದ್ದದ್ದೂ ಒಂದೇ ಮಾತು. ಹಾಗಾಗಿ ಶುಕ್ರವಾರ ಭಾವ ತಮ್ಮ ಹುಡುಗರನ್ನು ಊಟಕ್ಕೆ ಕರೆತರುತ್ತಾರೆ ಅಂತ ಗುರುವಾರ ಸಂಜೆಯೇ ನಾನು ಮಸಾಲೆ ಕಡೆಯಲು ಕೂರುತ್ತಿದ್ದೆ. ಫುಟ್‌ಬಾಲಿನ ಮೇಲಿನ ಪ್ರೀತಿಯಿಂದಲ್ಲ. ಅದರ ತಲೆಬುಡ ನನಗೆ ಗೊತ್ತಿರಲಿಲ್ಲ. ಮನೆಯೊಳಗೆ ಮನುಷ್ಯರ ಗಲಾಟೆ ಬೇಕಿತ್ತು.

ಆ ಮ್ಯಾಚ್ ಆದದ್ದು ಎಂಬತ್ತಾರನೇ ಇಸವಿಯ ಸುಮಾರಿಗೆ. ಸೆಮಿಫೈನಲ್. ಗೆದ್ದವರು ಫೈನಲಿಗೆ, ಸೋತವರು ಮನೆಗೆ. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಮಲಯಾಳಿಗಳ ತಂಡ. ಮೈದಾನ ಎಂದರೆ ಹುಲ್ಲು ಗಿಲ್ಲು ಇಲ್ಲ, ಬರೇ ಹೊಯಿಗೆ, ಮರಳು. ಯಾರಾದರೂ ಓಡಿದರೆ ಧೂಳು ಕಾಣುತ್ತದೆ, ಓಡಿದವ ಕಾಣುವುದಿಲ್ಲ. ನಾನು ಚಹಾದ ಫ್ಲಾಸ್ಕ್ ಹಿಡಿದುಕೊಂಡು ಪಿಕಪ್ಪಿನಲ್ಲಿ ಕೂತಿದ್ದೆ. ನಮ್ಮವರು ಒಂದು ಗೋಲ್ ಹಿಂದೆ ಇದ್ದರು. ಇನ್ನೇನು ಮುಗಿಯಬೇಕು ಎನ್ನುವಾಗ ನಮಗೆ ಪೆನಾಲ್ಟಿ ಸಿಕ್ಕಿತು. ಗೋಲಿನೆದುರು ಚೆಂಡು ಇಟ್ಟು ಒದೆಯುವುದು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ನನ್ನಂಥವಳೂ ಹತ್ತರಲ್ಲಿ ಒಂದು ಸಲ ಹಾಕಿಯೇನು!

ಆದರೆ ನೇರ ಒದ್ದರೆ ಅದು ನಮ್ಮ ಭಾವನ ತಂಡ ಹೇಗಾದೀತು? ಅವರು ಗುಟ್ಟಾಗಿ ಒಂದು ಉಪಾಯ ಕಲಿಸಿಟ್ಟಿದ್ದರು. ಒಬ್ಬ ಒದೆಯುವವನ ಹಾಗೆ ಓಡಿ ಬಂದು, ಒದೆಯದೆ ಚೆಂಡನ್ನು ಮೆಲ್ಲಗೆ ಮುಂದೆ ಬದಿಗೆ ತಳ್ಳುವುದು. ಗೋಲ್‌ಕೀಪರ್ ಮಂಗನಾಗಿ ನಿಂತಿರುವಾಗ ಹಿಂದಿನಿಂದ ಇನ್ನೊಬ್ಬ ಬಂದು ಖಾಲಿ ಜಾಗಕ್ಕೆ ಹೊಡೆಯುವುದು. ತಳ್ಳಬೇಕಾದವ ಕಿರಾಣಿ ಅಂಗಡಿಯ ಬ್ಯಾರಿ, ನಮ್ಮ ಕರಾವಳಿಯದ್ದೇ ಮುಸ್ಲಿಂ ಹುಡುಗ. ಹಿಂದಿನಿಂದ ಬರಬೇಕಾದವ ಬ್ಯಾಂಕಿನ ಕ್ಲಾರ್ಕ್. ಇಬ್ಬರಿಗೂ ಪಾಠ ಬಾಯಿಪಾಠ. ಆದರೂ ಭಾವನಿಗೆ ಹೆದರಿಕೆ, ಎಲ್ಲಿ ಮರೆತುಬಿಡುತ್ತಾರೋ ಅಂತ. ಗೆರೆಯ ಹೊರಗೆ ನಿಂತು, ಗಂಟಲು ಹರಿಯುವ ಹಾಗೆ ತುಳುವಿನಲ್ಲಿ ಕೂಗಿದರು, "ಬರಿಕ್ ಕೊರ್ಲ!" ಬದಿಗೆ ಕೊಡು ಅಂತ. ಮಲಯಾಳಿಗಳಿಗೆ ತುಳು ಎಲ್ಲಿ ಅರ್ಥವಾಗುತ್ತದೆ ಎಂಬ ಧೈರ್ಯ.

ಬ್ಯಾರಿ ಬದಿಗೆ ಕೊಟ್ಟ. ಗೋಲ್‌ಕೀಪರ್ ಮೊದಲೇ ಬದಿಗೆ ನುಗ್ಗಿ, ಬಾಗಿಲಲ್ಲಿಟ್ಟ ಹಾಲಿನ ಪ್ಯಾಕೆಟ್ ಎತ್ತಿಕೊಂಡ ಹಾಗೆ ಚೆಂಡನ್ನು ಎತ್ತಿಕೊಂಡ. ಖಲಾಸ್!

ಚೆಂಡಿನ ಆಟ ಅಲ್ಲಿಗೆ ಮುಗಿಯಿತು, ಬಾಯಿಯ ಆಟ ಶುರುವಾಯಿತು. ಮರು ಶುಕ್ರವಾರ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಸಂಜೆಯವರೆಗೆ ಎದ್ದಿಲ್ಲ. ಬ್ಯಾರಿಯದ್ದು, ನೇರ ಒದ್ದಿದ್ದರೆ ಗೋಲ್ ಆಗುತ್ತಿತ್ತು ಎಂಬ ವಾದ. ಬ್ಯಾಂಕಿನವನದ್ದು, ಉಪಾಯವೇ ಹುಚ್ಚು ಎಂದು. ಭಾವನದ್ದು, ಉಪಾಯ ಚಿನ್ನ, ಬ್ಯಾಂಕಿನವನ ಕಾಲು ಮಾತ್ರ ತುಕ್ಕು ಎಂದು.

"ನಾನು ಓಡಿ ಬರುವಾಗ ಚೆಂಡು ಅವನ ಕೈಯಲ್ಲಿತ್ತಲ್ಲ ಮಾರಾಯ್ರೇ," ಎಂದ ಬ್ಯಾಂಕಿನವ.

"ನೀನು ಓಡಿ ಬಂದದ್ದಾ? ನಾನು ಲೋನ್ ಪಾಸ್ ಮಾಡ್ಲಿಕ್ಕೆ ಬಂದದ್ದು ಅಂತ ಎಣಿಸಿದೆ," ಎಂದರು ಭಾವ.

ಬಾಯಿಮಾತಲ್ಲಿ ತೀರದಾಗ ಭಾವ ತಟ್ಟೆಯಲ್ಲಿ ಖರ್ಜೂರ ಜೋಡಿಸಿ ಮ್ಯಾಚ್ ತೋರಿಸುತ್ತಿದ್ದರು. ಇದು ಬ್ಯಾರಿ, ಇದು ಬ್ಯಾಂಕು, ದಪ್ಪದ್ದು ಗೋಲ್‌ಕೀಪರ್, ಕಡಲೆಕಾಳು ಚೆಂಡು. ಒಂದು ದಿನ ವಾದದ ಬಿಸಿಯಲ್ಲಿ ಬ್ಯಾರಿ ತನಗೇ ಗೊತ್ತಿಲ್ಲದೆ ಕೈಹಾಕಿ ಗೋಲ್‌ಕೀಪರನ್ನು ತಿಂದುಬಿಟ್ಟ. ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದರೆ ಭಾವ ತಣ್ಣಗೆ ಕಡಲೆಕಾಳನ್ನು ಬದಿಗೆ ತಳ್ಳಿ, ಬ್ಯಾಂಕನ್ನು ಓಡಿಸಿ, ಗೋಲ್ ಹೊಡೆಸಿದರು. "ಈಗಾದ್ರೂ ಒಪ್ಪಿ," ಎಂದರು.

ಇನ್ನೊಂದು ಶುಕ್ರವಾರ ಖರ್ಜೂರ ಸಾಕಾಗಲಿಲ್ಲ. ಹೊರಗಿನ ಓಣಿಯಲ್ಲಿ ನನ್ನ ಮೈದಾದ ಚೀಲವನ್ನು ಗೋಲ್‌ಕೀಪರ್ ಮಾಡಿ ನಿಲ್ಲಿಸಿದರು. ಚೆಂಡು ಹೋಗಿ ಮನೆ ಮಾಲೀಕನ ಕಿಟಕಿಗೆ ಬಡಿಯಿತು. ಗಾಜು ಪುಡಿ. ಒಮಾನಿ ಮಾಲೀಕ ಉದ್ದ ನಿಲುವಂಗಿ ಎತ್ತಿಕೊಂಡು ಬಂದ. ಇನ್ನು ನಮ್ಮನ್ನು ಮನೆ ಖಾಲಿ ಮಾಡಿಸುತ್ತಾನೆ ಅಂತ ನಾನು ಪಾತ್ರೆ ಜೋಡಿಸುವುದೊಂದು ಬಾಕಿ. ಭಾವ ಅವನಿಗೆ ತಮ್ಮ ಮುರುಕು ಹಿಂದಿಯಲ್ಲಿ ಪೆನಾಲ್ಟಿಯ ಕಥೆಯನ್ನು ಮೊದಲಿಂದ ಹೇಳಿದರು. ಅವನು ಗಡ್ಡ ಸವರಿಕೊಂಡು ಕೇಳಿದ. ಮೈದಾದ ಚೀಲವನ್ನು ಒಮ್ಮೆ ನೋಡಿದ. ಕೊನೆಗೆ "ಸೀದಾ ಮಾರ್ನಾ ಥಾ," ನೇರ ಹೊಡೆಯಬೇಕಿತ್ತು ಅಂತ ತೀರ್ಪು ಕೊಟ್ಟ. ಭಾವ ಬಿಡುತ್ತಾರಾ? ಯಲ್ಲಾ, ನಡೆಯಿರಿ, ಒಳಗೆ ಬನ್ನಿ, ಕೂತು ಮಾತಾಡುವ ಎಂದರು. ಅಂದಿನಿಂದ ಶುಕ್ರವಾರಕ್ಕೆ ಇನ್ನೊಂದು ತಟ್ಟೆ. ಪುಳಿಮುಂಚಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬರುವುದು ಬಿಡಲಿಲ್ಲ.

ಹೀಗಿರುವಾಗ ಒಂದು ದಿನ ನಾನು ಬೇಕರಿಗೆ ಹೋಗಿದ್ದೆ. ಬ್ರೆಡ್ ಒತ್ತಿ ನೋಡಿ, ಇದು ನಿನ್ನೆಯದ್ದು, ಕಳ್ಳರು ಅಂತ ತುಳುವಿನಲ್ಲಿ ನನ್ನಷ್ಟಕ್ಕೆ ಬೈದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಎತ್ತರದ ಮಲಯಾಳಿ ಕೌಂಟರಿನಿಂದ, ಅಕ್ಕ, ಇವತ್ತಿನದ್ದೇ, ಬಿಸಿ ಆರಿದೆ ಅಷ್ಟೆ ಎಂದ. ತುಳುವಿನಲ್ಲೇ! ಕೇಳಿದರೆ ಊರು ಕಾಸರಗೋಡಿನ ಕಡೆ, ಬಾಲ್ಯದಿಂದ ತುಳು ಬರುತ್ತದಂತೆ. ಆ ತುಳು ಒಮ್ಮೆ ಮ್ಯಾಚ್ ಕೂಡ ಗೆಲ್ಲಿಸಿಕೊಟ್ಟಿದೆ ಅಂತ ನಗಾಡಿದ.

"ಪೆನಾಲ್ಟಿಗೆ ನಿಂತಿದ್ದೆ ಅಕ್ಕ. ಹೊರಗಿನಿಂದ ಒಬ್ಬರು ಬರಿಕ್ ಕೊರ್ಲ ಅಂತ ಕೂಗಿದರು. ಕೊಡ್ತಾರೆ ಅಂತ ನಾನು ಬದಿಗೆ ಹೋದೆ."

ನಾನು ಬ್ರೆಡ್ ತೆಗೆದುಕೊಂಡು ಮನೆಗೆ ಬಂದೆ.

ಅಂದರೆ ಉಪಾಯ ಸರಿ ಇತ್ತು. ಬ್ಯಾಂಕಿನವನ ಕಾಲೂ ಸರಿ ಇತ್ತು. ಸೋಲಿಸಿದ್ದು ಭಾವನ ಗಂಟಲು! ಆ ಶುಕ್ರವಾರ ಮಾತು ನಾಲಗೆಯ ತುದಿಯಲ್ಲಿತ್ತು. ಬಡಿಸುತ್ತಾ ಒಮ್ಮೆ ಎಲ್ಲರ ಮುಖ ನೋಡಿದೆ. ಹೇಳಿದರೆ ಏನಾಗುತ್ತದೆ? ಒಮ್ಮೆ ನಗುತ್ತಾರೆ. ಭಾವ ತಲೆ ತಗ್ಗಿಸುತ್ತಾರೆ. ಊಟ ಮಾಡಿ, ಕೈ ತೊಳೆದು, ಅವರವರ ರೂಮಿಗೆ ಹೋಗುತ್ತಾರೆ. ಮುಂದಿನ ವಾರ ಯಾಕೆ ಬರಬೇಕು? ನಾನು ಬಾಯಿ ಮುಚ್ಚಿ ಸಾರು ಬಡಿಸಿದೆ.

ಆದರೆ ನಾನು ಬಾಯಿ ಮುಚ್ಚಿದ್ದಕ್ಕೆ ಜನ ಉಳಿಯುತ್ತಾರಾ? ತೊಂಬತ್ತನೇ ಇಸವಿ ದಾಟಿದ ಮೇಲೆ ಒಬ್ಬೊಬ್ಬರೇ ಕರಗಿದರು. ಬ್ಯಾಂಕಿನವನಿಗೆ ನಿಜ್ವಾಕ್ಕೆ ವರ್ಗ ಆಯಿತು. ಮೊದಮೊದಲು ಬರುತ್ತಿದ್ದ, ಆಮೇಲೆ ಫೋನ್ ಬರುತ್ತಿತ್ತು, ಆಮೇಲೆ ಅದೂ ಇಲ್ಲ. ಬ್ಯಾರಿ ವೀಸಾ ಮುಗಿಸಿ ಊರಿನಲ್ಲಿ ಅಂಗಡಿ ಹಾಕಿದ. ಮಾಲೀಕ ಮಗಳ ಮನೆಗೆ ಅಂತ ರುಸ್ತಾಕಿಗೆ ಹೋದವ ಅಲ್ಲೇ ನಿಂತ. ಗಂಡ ಯಾವಾಗಿನ ಹಾಗೆ ಟ್ರಕ್ಕಿನಲ್ಲಿ. ಉಳಿದದ್ದು ಭಾವ ಮತ್ತು ನಾನು. ಮತ್ತೆ ಏಸಿ.

ಭಾವ ಬರುತ್ತಿದ್ದರು. ಉಣ್ಣುತ್ತಿದ್ದರು. ಅಭ್ಯಾಸಬಲದಿಂದ ಖರ್ಜೂರ ಜೋಡಿಸುತ್ತಿದ್ದರು. ಎದುರು ವಾದಿಸುವವರಿಲ್ಲ. ಸ್ವಲ್ಪ ಹೊತ್ತು ನೋಡಿ, ಒಂದೊಂದಾಗಿ ತಿನ್ನುತ್ತಿದ್ದರು. ಕುತ್ತಿಗೆಯಲ್ಲಿ ಸೀಟಿ ಇರಲಿಲ್ಲ.

ಒಂದು ಶುಕ್ರವಾರ ಉಂಡು ಎದ್ದವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ಗೋಡೆಯ ಕಡೆ ನೋಡಿಕೊಂಡು ಹೇಳಿದರು. "ಇನ್ನು ನಾನು ಬರುವುದಿಲ್ಲ ಮಾರಾಯ್ತಿ. ಒಬ್ಬನಿಗೋಸ್ಕರ ನೀನು ಯಾಕೆ ಒಲೆ ಮುಂದೆ ಬೇಯುವುದು."

ಬನ್ನಿ ಭಾವ, ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ ಅಂತ ಹೇಳಬೇಕಿತ್ತೋ ಏನೋ. ನನಗೆ ಅಂಥ ಮಾತು ಬರುವುದಿಲ್ಲ. ನಾನು ತಟ್ಟೆ ಒರೆಸುತ್ತಾ ಹೇಳಿದೆ.

"ನೇರ ಒದೆಯಬೇಕಿತ್ತು."

ಅವರು ತಿರುಗಿದರು. "ಎಂತ?"

"ಪೆನಾಲ್ಟಿ. ಬದಿಗೆ ತಳ್ಳುವುದು ಎಂತಕ್ಕೆ? ಮರ್ಯಾದಿಯಲ್ಲಿ ನೇರ ಒದೆಯಬೇಕಿತ್ತು."

"ನಿನಗೆ ಎಂತ ಗೊತ್ತುಂಟು ಫುಟ್‌ಬಾಲ್?"

"ಹುಚ್ಚು ಉಪಾಯ ಯಾವುದು ಅಂತ ಗೊತ್ತಾಗ್ಲಿಕ್ಕೆ ಫುಟ್‌ಬಾಲ್ ಗೊತ್ತಿರ್ಬೇಕಾ ಭಾವ?"

ಭಾವ ಚಪ್ಪಲಿ ಬಿಚ್ಚಿದರು. ಒಳಗೆ ಬಂದು ಕೂತರು. ಖರ್ಜೂರ ತಾ ಎಂದರು. ಮಧ್ಯಾಹ್ನದ ಬಿಸಿಲು ಇಳಿದು ಮಸೀದಿಯಲ್ಲಿ ಸಂಜೆಯ ಬಾಂಗು ಆಗುವವರೆಗೂ ನಾವು ಕಚ್ಚಾಡಿದೆವು. ನಾನು ಬ್ಯಾರಿಯ ವಾದವನ್ನೂ ಮಾಡಿದೆ, ಬ್ಯಾಂಕಿನವನದ್ದನ್ನೂ ಮಾಡಿದೆ, ಮಾಲೀಕನದ್ದನ್ನು ಹಿಂದಿಯಲ್ಲೇ ಮಾಡಿದೆ. ಅಷ್ಟು ವರ್ಷ ಬಡಿಸುತ್ತಾ ಕೇಳಿದ್ದು ಎಲ್ಲಿ ಹೋಗುತ್ತದೆ? ಅವರು ಮೇಜು ಗುದ್ದಿದರು. ಮತ್ತೆ ಅನ್ನ ಹಾಕಿಸಿಕೊಂಡರು.

ಹೊರಡುವಾಗ ಬಾಗಿಲಲ್ಲಿ ಸ್ವಲ್ಪ ನಿಂತರು.

"ಆ ಗೋಲ್‌ಕೀಪರನಿಗೆ ತುಳು ಬರ್ತಿತ್ತು, ಗೊತ್ತುಂಟಾ? ಮ್ಯಾಚ್ ಮುಗಿದು ಕೈ ಕೊಡುವಾಗ ನನ್ನ ಹತ್ತಿರ ಬೇಜಾರ್ ಮಲ್ಪೊಡ್ಚಿ ಅಂದ. ಬೇಸರ ಮಾಡ್ಬೇಡಿ ಅಂತ."

ಅಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನಾನು ಕೇಳುವುದಕ್ಕೂ ಕಾಯಲಿಲ್ಲ ಅವರು.

"ಹೇಳಿದ್ರೆ ಅವತ್ತೇ ಮುಗೀತಿತ್ತಲ್ಲ," ಎಂದರು.

ನನಗೂ ಗೊತ್ತಿತ್ತು ಎನ್ನಲಿಲ್ಲ. "ಅವನಿಗೆ ತುಳು ಬರ್ಲಿ, ಚೀನಾ ಭಾಷೆ ಬರ್ಲಿ. ಆದ್ರೂ ನೇರವೇ ಒದೆಯಬೇಕಿತ್ತು," ಎಂದೆ.

"ಬರುವ ವಾರ ನಿನಗೆ ತೋರಿಸ್ತೇನೆ ಇರು," ಎಂದು ಬೆರಳು ಆಡಿಸುತ್ತಾ ಮೆಟ್ಟಿಲು ಇಳಿದರು.

ತಟ್ಟೆ ತೊಳೆಯಲು ಎತ್ತಿಕೊಂಡೆ. ಬ್ಯಾರಿಯನ್ನೂ ಬ್ಯಾಂಕನ್ನೂ ಮಾತಿನ ಮಧ್ಯೆ ನಾವೇ ತಿಂದು ಮುಗಿಸಿದ್ದೆವು. ದಪ್ಪದ್ದು, ಗೋಲ್‌ಕೀಪರ್, ಒಬ್ಬನೇ ಉಳಿದಿದ್ದ. ಅವನನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಟ್ಟೆ. ಶುಕ್ರವಾರಕ್ಕೆ ಬೇಕಲ್ಲ!